ಮಗ್ಗದ ಮನೆಯ ಬಾಣಂತಿ

ಗಂಡಸಿನ ಮಾನ ಎಲ್ಲಿರುತ್ತದೆ ಎಂದರೆ ಮೀಸೆಯಲ್ಲಿ ಅನ್ನುತ್ತಾರೆ. ನನ್ನದು ಕಿವಿಯಲ್ಲಿತ್ತು. ಕೊಳ್ಳೇಗಾಲದ ಪವರ್‌ಲೂಮ್ ಶೆಡ್ಡಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದವನು ನಾನು. ಅಲ್ಲಿ ಮಾತೆಂದರೆ ಕೈಸನ್ನೆ, ಇಲ್ಲವೇ ಕೂಗು. ಸಂಜೆ ಮನೆಯಲ್ಲಿ ನೀರು ಕೇಳಿದರೆ ಪಕ್ಕದ ಮನೆಯವರೂ ಚೊಂಬು ಹಿಡಿದು ಬರುವಂತಿತ್ತು ನನ್ನ ದನಿ.

ಮಗ್ಗಗಳ ಸದ್ದಿಗೆ ತಲೆನೋವು, ತಲೆನೋವಿಗೆ ಆಸ್ಪಿರಿನ್ ಮಾತ್ರೆ. ಟೀ ಅಂಗಡಿಯಲ್ಲೇ ಸಿಗುತ್ತಿತ್ತು. ಬನ್ನಿನ ಜೊತೆ ಎರಡು, ಬೀಡಿಗೆ ಮೊದಲು ಎರಡು. ಕೊನೆಗೆ ಕಿವಿಯೊಳಗೆ ಕಿರ್ ಎನ್ನುವ ಜೀರುಂಡೆ ಸೇರಿಕೊಂಡಿತು. ಮಗ್ಗ ನಿಂತರೂ ಅದು ನಿಲ್ಲದು. ಅದರ ಕಾಟಕ್ಕೆ ಮತ್ತೆರಡು ಮಾತ್ರೆ! ಅದೇ ಹೊತ್ತಿಗೆ ಹನೂರಿಗೆ ಕೊಟ್ಟಿದ್ದ ಮಗಳು ನಮ್ಮಲ್ಲಿಗೆ ಬಂದು ಹೆಣ್ಣುಮಗು ಹೆತ್ತಳು. ಕೂಸು ಊಂ ಅಂತು, ಆಕಳಿಸಿತು ಎಂದು ಎಲ್ಲರೂ ಹಿಗ್ಗುತ್ತಿದ್ದರೆ ನಾನು ಅವರ ಮುಖ ನೋಡಿ ನಗುತ್ತಿದ್ದೆ. ನಾಳೆ ಅದು ತಾತಾ ಅಂದಾಗಲೂ ನನಗೆ ಜೀರುಂಡೆಯೇ ಕೇಳಿದರೆ ಏನು ಗತಿ ಎಂದು ನಿಜಕ್ಕೂ ಹೆದರಿದೆ.

ಡಾಕ್ಟರು ನನ್ನ ಮಾತ್ರೆಯ ಲೆಕ್ಕ ಕೇಳಿ ತಾವೇ ತಲೆ ಹಿಡಿದುಕೊಂಡರು. "ಮೊದ್ಲು ಅದನ್ನ ನಿಲ್ಸಿ. ಈ ಕಿರ್ ಅನ್ನೋದು ಮಾತ್ರೇದಾದ್ರೆ ಹೋಗ್ತದೆ. ಮಗ್ಗದ ಸದ್ದಿಗೆ ಕಿವಿ ಹೋದ್ರೆ ಮಾತ್ರ ವಾಪಸ್ ಬರಲ್ಲ" ಎಂದು, ಕಿವಿಗೆ ಹಾಕುವ ರಬ್ಬರ್ ಬಿರಡೆ ಮೈಸೂರಿನಿಂದ ತರಿಸಿಕೊಳ್ಳಲು ಹೇಳಿದರು.

ತರಿಸಿದೆ. ಆದರೆ ನಮ್ಮ ಕಡೆ ಕಿವಿಗೆ ಏನಾದರೂ ತುರುಕಿಕೊಳ್ಳುವುದು ಬಾಣಂತಿಯರು ಮಾತ್ರ. ಯಾರಿಗೂ ಕಾಣದಿರಲಿ ಎಂದು ಮೇಲೊಂದು ಟವೆಲ್ ಬಿಗಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಬಾಣಂತಿಯರು ಹತ್ತಿಯ ಮೇಲೆ ಬಟ್ಟೆಯನ್ನೂ ಬಿಗಿಯುತ್ತಾರೆ ಎಂಬುದು ಶೆಡ್ಡಿಗೆ ಕಾಲಿಟ್ಟ ಮೇಲೆ ನೆನಪಾಯಿತು. ಪಕ್ಕದ ಮಗ್ಗದವನು ಮಗ್ಗ ನಿಲ್ಲಿಸಿಯೇ ಕೂಗಿದ: "ಲೇ, ಬಾಣ್ತಿ ಬಂದವ್ಳೆ, ಬೆಳ್ಳುಳ್ಳಿ ಸಾರು ತನ್ರಲಾ!" ಮನೆಯಲ್ಲೂ ಇಬ್ಬರು ಬಾಣಂತಿಯರಾದೆವು, ಆರೈಕೆ ಮಾತ್ರ ಒಬ್ಬಳಿಗೇ. ಮಾನ ಹೋದರೆ ಹೋಗಲಿ, ಕಿವಿ ಉಳಿಯಲಿ ಎಂದು ಟವೆಲ್ ಬಿಚ್ಚಿ ಬಿರಡೆ ತೋರಿಸಿಕೊಂಡೇ ನೇಯ್ದೆ. ಮಾತ್ರೆ ಮುಟ್ಟಲಿಲ್ಲ.

ಒಂದು ರಜೆಯ ದಿನ ತೊಟ್ಟಿಲ ಪಕ್ಕ ಕೂತಿದ್ದೆ. ಕೂಸು ನಿದ್ದೆಯಲ್ಲೇ ತುಟಿ ಚಪ್ಪರಿಸಿತು. ಆ ಚಪ್ ಚಪ್ ಕೇಳಿಸಿತು! ಜೀರುಂಡೆ ಯಾವಾಗಲೋ ಜಾಗ ಖಾಲಿ ಮಾಡಿತ್ತು. ಕಣ್ಣು ತುಂಬಿ ಬಂತು. ತಡೆಯಲಾರದೆ ಹೆಂಡತಿಯನ್ನು ಕರೆದು, "ಕೇಳ್ತಾ ಅದೆ ಕಣಮ್ಮಿ, ಕೇಳ್ತಾ ಅದೆ!" ಅಂದೆ. ಕಿವಿ ಸರಿಹೋಗಿತ್ತು, ಗಂಟಲು ಇನ್ನೂ ಶೆಡ್ಡಿನಲ್ಲೇ ಇತ್ತು. ಕೂಸು ಬೆಚ್ಚಿಬಿದ್ದು ಕಿಟಾರನೆ ಕಿರುಚಿತು.

ಅಡುಗೆಮನೆಯಲ್ಲಿದ್ದ ಹೆಂಡತಿ ಮಗಳಿಗೆ ಪಿಸುಗುಟ್ಟಿದಳು: "ನಿಮ್ಮಪ್ಪಂಗೆ ಹೇಳು, ಮಗೀಗೂ ಒಂದ್ ಜೊತೆ ಬಿರಡೆ ತರ್ಸಾಕೆ."

ಒಂದಕ್ಷರ ಬಿಡದೆ ಕೇಳಿಸಿತು.