ಅತ್ತೆ ಹತ್ತಿದ ಗೊಂಪ

ಕಣ್ಣಾರೆ ಕಾಣದ್ದನ್ನು ಬರೆಯಬಾರದು ಎಂಬ ಒಂದೇ ನಿಯಮದ ಮೇಲೆ ನಾನು ಬೆಂಗಳೂರಿನ ಪತ್ರಿಕೆಯೊಂದರಲ್ಲಿ ಇಪ್ಪತ್ತು ವರ್ಷ ಸಂಬಳ ತೆಗೆದುಕೊಂಡೆ. ಮಂತ್ರಿಗಳು ಅತ್ತರು ಎಂದು ಎಲ್ಲರೂ ಬರೆದಾಗಲೂ, ನನಗೆ ಕಣ್ಣೀರು ಕಾಣಿಸದ ಕಾರಣ 'ಕರವಸ್ತ್ರ ತೆಗೆದರು' ಎಂದಷ್ಟೇ ಬರೆದವನು. ಅಮೆರಿಕದ ಸ್ಯಾನ್ ಮಟಿಯೋಗೆ ಬಂದ ಮೇಲೂ ಈ ರೋಗ ವಾಸಿಯಾಗಿಲ್ಲ. ಸೇತುವೆ ಮೇಲೆ ಟ್ರಾಫಿಕ್ಕಿತ್ತು ಎಂದು ಹೆಂಡತಿ ಸುಮಾ ಹೇಳಿದರೆ, ಯಾವ ಲೇನಿನಲ್ಲಿ ಎಂದು ಕೇಳುತ್ತೇನೆ. ಇಂಥವನು, ಫ್ರೀಮಾಂಟಿನ ಗೆಳೆಯರು ತರುವ ದೀಪಾವಳಿ ಸಂಚಿಕೆಗೆ 'ನಾ ಕಂಡ ಲಡಾಖಿನ ಬುದ್ಧ' ಎಂಬ ಲೇಖನ ಕೊಡುತ್ತೇನೆಂದು ಪ್ರವಾಸ ಹೊರಡುವ ಮೊದಲೇ ಒಪ್ಪಿಕೊಂಡುಬಿಟ್ಟೆ. ಸಂಪಾದಕರು ಅದನ್ನು ವಾಟ್ಸಾಪ್ ಗುಂಪಿನಲ್ಲಿ ಸಾರಿಯೂ ಬಿಟ್ಟರು.

ಲೇಹ್‌ನಲ್ಲಿ ವಿಮಾನ ಇಳಿಯುವಾಗ ಕಂಡದ್ದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಹುಲ್ಲಿಲ್ಲದ, ಮರವಿಲ್ಲದ ಬೆಟ್ಟಗಳು. ಒಂದಕ್ಕೆ ಬೂದಿಯ ಬಣ್ಣ, ಒಂದಕ್ಕೆ ನೇರಳೆ, ಮತ್ತೊಂದಕ್ಕೆ ತುಕ್ಕಿನದು. ನದಿಯ ದಂಡೆಗೆ ಮಾತ್ರ ಒಂದು ಗೆರೆ ಹಸಿರು. ಏನೂ ಇಲ್ಲದ ಜಾಗ ಅಷ್ಟು ತುಂಬಿಕೊಂಡಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಎತ್ತರಕ್ಕೆ ಹೋದವರು ಮೊದಲೆರಡು ದಿನ ತೆಪ್ಪಗಿರಬೇಕು ಎಂದು ನಮ್ಮ ಜೊತೆ ಬಂದಿದ್ದ ಅತ್ತೆಗೆ ಅಲ್ಲೇ ಪಾಠ ಮಾಡಿದೆ. ಸುಮಾಳ ತಾಯಿ, ಧಾರವಾಡದವರು, ವಯಸ್ಸು ಎಪ್ಪತ್ತೊಂದು. ಅವರು ತೆಪ್ಪಗಿದ್ದರು. ನಾನು ಅದೇ ಸಂಜೆ ಕ್ಯಾಮೆರಾ ಹಿಡಿದು ಗುಡ್ಡ ಹತ್ತಿದೆ. ಉಳಿದ ದಿನಗಳೆಲ್ಲ ತಲೆನೋವು, ವಾಂತಿ, ಹಾಸಿಗೆ. ಸುಮಾ ನನ್ನ ಕಾವಲಿಗೆ ಕೂತಳು. ಅತ್ತೆ ಟ್ಯಾಕ್ಸಿ ಮಾಡಿಕೊಂಡು ಒಬ್ಬರೇ ಗೊಂಪಕ್ಕೆ, ಅಂದರೆ ಬೆಟ್ಟದ ಮೇಲಿನ ಬೌದ್ಧ ಮಠಕ್ಕೆ, ಹೋಗಿಬಂದರು.

ಹೀಗಾಗಿ ಲೇಖನದ ಗಡುವಿನ ಹಿಂದಿನ ದಿನ ಬೆಳಿಗ್ಗೆ, ಸ್ಯಾನ್ ಮಟಿಯೋದ ನಮ್ಮ ಊಟದ ಮೇಜಿನ ಎದುರು ನಾನು ನೋಟ್‌ಬುಕ್ಕು ಬಿಚ್ಚಿ ನಮ್ಮೊಂದಿಗೇ ಅಮೆರಿಕಕ್ಕೆ ಬಂದಿದ್ದ ಅತ್ತೆಯ ಸಂದರ್ಶನಕ್ಕೆ ಕೂತೆ. ಅವರು ಹುರುಳಿಕಾಯಿ ಸೋಸುತ್ತಿದ್ದರು.

"ಮೆಟ್ಟಿಲು ಎಷ್ಟಿದ್ದವು?"

"ಎಣಿಸಾಕ ಹೋಗಿದ್ನೇನ್ರಿ ನಾ?"

"ಹೋಗಲಿ, ಬುದ್ಧನ ಮೂರ್ತಿಯ ಎತ್ತರ?"

"ಎರಡು ಅಂತಸ್ತು. ಕಾಲು ಕೆಳಗಿನ ಅಂತಸ್ತಿನ್ಯಾಗ. ನಾವು ಮ್ಯಾಲಿನ ಬಾಗಿಲದಾಗ ಒಳಗ ಹೋಗತೇವಿ, ಸೀದಾ ಮಾರೀನ ಕಾಣತೈತಿ. ಅಷ್ಟು ದೊಡ್ಡಾವ, ಆದ್ರ ನಮ್ಮ ಸರೀಸಮ ನಿಂತಂಗ. ತಲಿ ಎತ್ತಿ ನೋಡೂದ ಬ್ಯಾಡ."

"ಮುಖದಲ್ಲಿ ಎಂಥ ಭಾವ?"

ಅತ್ತೆಯ ಕೈ ನಿಂತಿತು. "ಹೊಟ್ಟಿ ತುಂಬ ಉಂಡು, ಎಲ್ಲಾರದೂ ಊಟ ಆತು ಅಂತ ಖಾತ್ರಿ ಮಾಡ್ಕೊಂಡು ಕುಂತವರ ಮಾರಿ ಇರತೈತಲ್ಲ, ಹಂಗ."

ಇಪ್ಪತ್ತು ವರ್ಷದಲ್ಲಿ ಇಂಥ ಒಂದು ವಾಕ್ಯ ನನ್ನ ಪೆನ್ನಿನಿಂದ ಬಂದಿರಲಿಲ್ಲ. ಆ ಉತ್ಸಾಹದಲ್ಲೇ ಲೇಖನ ಬರೆದು ಮುಗಿಸಿ, ಸಂಜೆ ಗಟ್ಟಿಯಾಗಿ ಓದಿದೆ. 'ಎಪ್ಪತ್ತೊಂದರ ಆ ಹಿರಿಯ ಜೀವ ಒಂದೇ ಉಸಿರಿಗೆ ಗೊಂಪ ಹತ್ತಿತು' ಎಂಬಲ್ಲಿಗೆ ಬಂದಾಗ ಅತ್ತೆ ಕೈ ಅಡ್ಡ ಹಿಡಿದರು.

"ಅದನ್ನ ಹೊಡದ ಹಾಕ್ರಿ. ನಾಕ್ ಸಲ ಕುಂತೇನಿ. ಮೂರನೇ ಸಲಕ್ಕ ಸಾಕು, ಇಳದ ಹೋಗೂಣು ಅಂತಿದ್ದೆ. ಅಷ್ಟರಾಗ ಒಬ್ಬಾಂವ ಮುದುಕ ಲಾಮಾ ನನ್ನ ಬಾಜೂಕ ಬಂದು ಕುಂತ. ಅವಗೂ ದಮ್ಮು ಹತ್ತಿತ್ತು. ಹುಟ್ಟಿದಾಗಿಂದ ಅಲ್ಲೇ ಇದ್ದಾಂವ, ಅವಗ ದಮ್ಮು ಅಂದ ಮ್ಯಾಲ ನಂದೇನು ಅನಸ್ತು. ಅವಗ ನನ್ನ ಮಾತು ತಿಳೀವಲ್ದು, ನನಗ ಅವಂದು. ಇಬ್ರೂ ಬೆಟ್ಟಾ ನೋಡಕೋತ ಕುಂತ್ವಿ. ಅವ ಎದ್ದ, ನಾನೂ ಎದ್ದೆ."

"ಇದನ್ನು ಬೆಳಿಗ್ಗೆಯೇ ಯಾಕೆ ಹೇಳಲಿಲ್ಲ?"

"ನೀವು ಮೆಟ್ಟಲಾ ಎಷ್ಟು ಅಂತ ಕೇಳಿದ್ರಿ. ಕುಂತದ್ದು ಕೇಳಲಿಲ್ಲ."

ಅಡುಗೆಮನೆಯಲ್ಲಿ ಸುಮಾ ನಕ್ಕದ್ದು ಕೇಳಿಸಿತು. ನಾನು 'ಒಂದೇ ಉಸಿರಿಗೆ' ಹೊಡೆದುಹಾಕಿ ಲಾಮಾನನ್ನು ಸೇರಿಸಿದೆ. ಶೀರ್ಷಿಕೆಯಲ್ಲಿ 'ನಾ ಕಂಡ' ಇದ್ದದ್ದನ್ನು 'ಅತ್ತೆ ಕಂಡ' ಎಂದು ತಿದ್ದಿದೆ. ಲೇಖಕರ ಪರಿಚಯಕ್ಕೆ ಬಂದಾಗ ಪೆನ್ನು ನಿಂತಿತು. ಈ ಪ್ರವಾಸದಲ್ಲಿ ನನ್ನ ಪಾತ್ರ ಏನೆಂದು ಬರೆಯಲಿ ಎಂದು ಅವರನ್ನೇ ಕೇಳಿದೆ.

"ತಾವ ಹೇಳಿದ ಮಾತು ತಾವ ಕೇಳದ ಹಾಸಿಗಿ ಹಿಡದ್ರು ಅಂತ ಬರೀರಿ," ಎಂದರು ಅತ್ತೆ. "ಸಾಕ್ಷಿ ಬೇಕಂದ್ರ ನನ್ನ ಹೆಸರ ಹಾಕ್ರಿ. ಅದನ್ನೂ ನಾನ ಕಂಡೇನಿ."