ನಮ್ಮಲ್ಲಿ ಉಳಿದ ಒಬ್ಬಳೇ ನರ್ಸ್

ಬೈಂದೂರಿನ ಹೆದ್ದಾರಿ ಬದಿಯಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವ ನಮ್ಮದೊಂದು ಸಣ್ಣ ಆರೈಕೆ ಮನೆ ಇದೆ. ಅದು ಈ ತಿಂಗಳು ಮುಚ್ಚುತ್ತದಂತೆ ಎಂದು ಊರವರು ಹೇಳದ ತಿಂಗಳಿಲ್ಲ. ಮುಚ್ಚದೆ ಉಳಿದದ್ದು ಮ್ಯಾನೇಜರಾದ ನನ್ನ ಜಾಣ್ಮೆಯಿಂದ ಎಂದು ನಾನು ಹೇಳಿಕೊಂಡು ತಿರುಗುತ್ತೇನೆ. ಒಳಗಿರುವ ಅಜ್ಜ ಅಜ್ಜಿಯರಿಗೆ ಮಾತ್ರ ಇದರಲ್ಲಿ ನಂಬಿಕೆ ಇಲ್ಲ. ಏನಾದರೊಂದು ನಡೆದು ಅವರ ಮಾತೇ ಸರಿ ಎಂದಾಗುತ್ತಿರುತ್ತದೆ.

ಅಜ್ಜನ ಕೈಗುಣ

ನಮ್ಮ ದೊಡ್ಡ ತಲೆನೋವು ನರ್ಸುಗಳು ನಿಲ್ಲದಿರುವುದು. ಕಲಿತು ಬಂದ ಹುಡುಗಿ ಒಂದೆರಡು ವರ್ಷ ಇಲ್ಲಿ ಅನುಭವ ಮಾಡಿಕೊಂಡು ಗಲ್ಫಿಗೆ ಹಾರುತ್ತಾಳೆ. ತಪ್ಪೆಂದು ಹೇಗೆ ಹೇಳಲಿ? ಅಲ್ಲಿಯ ಸಂಬಳ ಕೊಟ್ಟರೆ ನಾನೂ ಹಾರಿಯೇನು. ಹಾಗೆ ಬಂದವರೆಲ್ಲ ಕೈ ಪಳಗಿಸಿಕೊಳ್ಳುವುದು ಕಿಟಕಿ ಪಕ್ಕದ ಹಾಸಿಗೆಯ ಅಜ್ಜನ ಮೇಲೆ. ಅವರಿಗೆ ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್ ಬೇಕು. ಒಮ್ಮೆ ಹೊಸ ನರ್ಸೊಬ್ಬಳು ಸೂಜಿ ಹಿಡಿದು ನಡುಗುತ್ತ ನಿಂತಾಗ ಅಜ್ಜನೇ ತೋಳು ಮುಂದೆ ಮಾಡಿದರು.

“ಹೆದ್ರ್‌ಬೇಡ ಮಗಾ, ಚುಚ್ಚ್. ಈ ಕೈಗ್ ಚುಚ್ಚಿದವ್ರೆಲ್ಲ ದುಬೈ ಮುಟ್ಟಿರ್. ನಂಗ್ ಮಾತ್ರ ಬೈಂದೂರ್ ಬಸ್‌ಸ್ಟ್ಯಾಂಡ್ ಕಾಂಬುಕೂ ಆತಿಲ್ಲೆ!”

ಮುಂಬೈ ರೈಲು

ಇನ್ನೊಂದು ಕಷ್ಟ, ಹಾಸಿಗೆಗಳು ತುಂಬದಿರುವುದು. ಆರೈಕೆ ಬೇಕಾದವರು ಇಲ್ಲವೆಂದಲ್ಲ. ತಾಯಿಯನ್ನು ಎಲ್ಲೋ ಬಿಟ್ಟು ಬಂದರಂತೆ ಎಂದು ಊರವರು ಆಡಿಕೊಳ್ಳುತ್ತಾರೆ ಎಂಬ ಹೆದರಿಕೆ ಮನೆಯವರಿಗೆ. ಶಂಕರನಾರಾಯಣ ಊರಿನ ಕಡೆಯ ಸೊಸೆಯೊಬ್ಬಳು ಸೊಂಟ ಮುರಿದ ಅತ್ತೆಯನ್ನು ನಮ್ಮಲ್ಲಿ ಸೇರಿಸಿ, ಅತ್ತೆ ಮುಂಬೈಯಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು ಊರಿಡೀ ಹೇಳಿಟ್ಟಿದ್ದಳು. ಅತ್ತೆಗೂ ಅದೇ ಪಾಠ ಮಾಡಿದ್ದಳು.

ಒಂದು ದಿನ ಅವರ ಪಕ್ಕದ ಮನೆಯಾಕೆಯೇ ತನ್ನ ಅತ್ತೆಗೆ ಜಾಗ ಕೇಳಲು, ಯಾರೂ ಗುರುತು ಹಿಡಿಯದಂತೆ ತಲೆಗೆ ಸೆರಗು ಹೊದ್ದು ಬಂದಳು. ಜಗಲಿಯಲ್ಲಿ ವಾಕರ್ ಹಿಡಿದು ನಿಂತ ಅಜ್ಜಿಯನ್ನು ಕಂಡು ದಂಗಾದಳು.

“ಅಯ್ಯೋ, ನೀವ್ ಬೊಂಬಾಯಿಗ್ ಹೋಯಿದ್ರಿ ಅಂದಿದ್ಳ್ ಅಲ್ದಾ ನಿಮ್ ಸೊಸಿ?”

ಅಜ್ಜಿ ಕಣ್ಣು ಮಿಟುಕಿಸಲಿಲ್ಲ. “ಹೌದ್ ಕಾಣ್, ಇದ್ ಬೊಂಬಾಯಿಯೇ. ನೀ ಯಾವ್ ರೈಲಿಗ್ ಬಂದೆ?”

ಹೆಣ್ಣಿನ ವಿಚಾರಣೆ

ಇತ್ತೀಚೆಗೆ ಇದ್ದ ಇಬ್ಬರು ನರ್ಸುಗಳಲ್ಲಿ ಒಬ್ಬಳು ಮದುವೆಯಾಗಿ ಹೋದಳು. ಉಳಿದವಳು ಅಮಾಸೆಬೈಲಿನ ಹುಡುಗಿ ಒಬ್ಬಳೇ. ಕಲಿತ ನರ್ಸ್ ಒಬ್ಬಳಾದರೂ ಇಲ್ಲದಿದ್ದರೆ ನಾವು ಬಾಗಿಲು ಹಾಕಬೇಕು. ಇದು ನನಗಿಂತ ಚೆನ್ನಾಗಿ ಮುಂಬೈ ಅಜ್ಜಿಗೆ ಗೊತ್ತಿತ್ತು. ಮನೆಗೆ ಹೋದರೆ ಹಗಲಿಡೀ ಗೋಡೆ ನೋಡಬೇಕು, ಇಲ್ಲಾದರೆ ಜಗಳಕ್ಕಾದರೂ ಜನ ಇದ್ದಾರೆ ಎಂಬುದು ಅವರ ಲೆಕ್ಕ.

ಅಷ್ಟರಲ್ಲಿ ಪರವಾನಗಿ ಮುಂದುವರಿಸಬೇಕೋ ಬೇಡವೋ ಎಂದು ನೋಡಲು ತಪಾಸಣೆಯವರು ಬಂದರು. ಗರಿಗರಿ ಇಸ್ತ್ರಿಯ ಷರಟು ಹಾಕಿದ ತರುಣ ಅಧಿಕಾರಿಯೊಬ್ಬರು, ಜೊತೆಗೆ ಹಿರಿಯ ಮೇಡಂ. ಯಾರದೋ ಗೃಹಪ್ರವೇಶದ ಊಟ ಮುಗಿಸಿ ಬಂದಿದ್ದರಿಂದ ಮೇಡಂ ರೇಷ್ಮೆ ಸೀರೆಯಲ್ಲಿದ್ದರು. ನಾನು ಚಹಾ ಹಿಡಿದು ಜಗಲಿಗೆ ಬರುವಾಗ ಅವರು ಅಜ್ಜಿಯ ಪಕ್ಕ ಕುಳಿತು ಕೇಳುತ್ತಿದ್ದರು. “ಇಲ್ಲಿ ಇರೋ ಹುಡುಗಿ ಹೇಗೆ? ಕೆಲಸ ಬರುತ್ತಾ?”

ರೇಷ್ಮೆ ಸೀರೆ, ಇಸ್ತ್ರಿ ಷರಟಿನ ಮಾಣಿ, ಮೇಲಿಂದ ಹುಡುಗಿಯ ವಿಚಾರಣೆ! ನಮ್ಮ ನರ್ಸನ್ನು ಹೆಣ್ಣು ನೋಡಲು ಬಂದಿದ್ದಾರೆ ಎಂದು ಅಜ್ಜಿ ತೀರ್ಮಾನಿಸಿಬಿಟ್ಟರು.

“ಎಂತ ಹೇಳುದ್ ಅಮ್ಮ, ಗಂಜಿ ಬೇಯ್ಸುಕೂ ಬತ್ತಿಲ್ಲೆ ಅವ್ಳಿಗ್.”

ಮೇಡಂ ಹುಬ್ಬು ಗಂಟಿಕ್ಕಿದರು. “ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡ್ತಾಳಾ?”

“ತನ್ನ ಚಪ್ಲಿ ಇಟ್ಟ ಜಾಗವೇ ನೆನ್ಪಿರ್ತಿಲ್ಲೆ ಅವ್ಳಿಗ್!”

ಕಿಟಕಿಯ ಅಜ್ಜನೂ ಒಳಗಿಂದ ದನಿಗೂಡಿಸಿದರು. “ಹ್ವಾಯ್, ಸಿಟ್ಟ್ ಬಂದ್ರೆ ಸೂಜಿ ಹಿಡ್ಕಂಡೇ ಬತ್ಳ್!”

ಪರವಾನಗಿ ಹೋಯಿತು, ಇಷ್ಟು ಜನರನ್ನು ಎಲ್ಲಿಗೆ ಕಳಿಸಲಿ ಎಂದು ನಿಜಕ್ಕೂ ಹೆದರಿದೆ.

“ಹಾಗಾದ್ರೆ ಇವಳನ್ನು ಕಳಿಸಿಬಿಡೋಣ್ವಾ?” ಎಂದರು ಮೇಡಂ.

ಅಜ್ಜಿ ವಾಕರ್ ಕುಟ್ಟಿದರು. “ಅದೆಲ್ಲ ಆತಿಲ್ಲೆ! ನನ್ನ ಮುರ್ದ ಸೊಂಟ ಎಬ್ಸಿ ನಿಲ್ಸಿದ್ದ್ ಅವ್ಳೇ. ನಮ್ಗ್ ಅವ್ಳ್ ಬೇಕ್. ನಿಮ್ ಮಾಣಿಗ್ ಬೇರೆ ಹೆಣ್ಣ್ ಕಾಣಿ!”

ತರುಣ ಅಧಿಕಾರಿಯ ಮುಖ ಕೆಂಪಾಯಿತು. “ಅಜ್ಜಿ, ನಂಗೆ ಇಬ್ಬರು ಮಕ್ಕಳಿದ್ದಾರೆ.”

ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಎದ್ದು ಒಬ್ಬೊಬ್ಬರ ಬೆನ್ನನ್ನೂ ತಿರುಗಿಸಿ ನೋಡಿದರು. ಮಲಗಿ ಮಲಗಿ ಆಗುವ ಹುಣ್ಣು ಒಬ್ಬರಿಗೂ ಇರಲಿಲ್ಲ. ಪರವಾನಗಿಗೆ ತೊಂದರೆ ಇಲ್ಲ ಎಂದಾಗ ನನಗೆ ಹೋದ ಜೀವ ಬಂದಂತಾಯಿತು.

ಜೀಪು ಹತ್ತುವ ಮೊದಲು ಮೇಡಂ ನನ್ನನ್ನು ಬದಿಗೆ ಕರೆದು ದನಿ ತಗ್ಗಿಸಿದರು. “ಹುಡುಗಿ ಬಹಳ ಚುರುಕು ಕಣ್ರೀ. ನನ್ನ ತಂಗಿ ಮಗ ದುಬೈಯಲ್ಲಿದ್ದಾನೆ. ಜಾತಕ ಕೇಳಿ ನೋಡಬಹುದಾ?”

ನಾನು ಒಮ್ಮೆ ಜಗಲಿಯ ಕಡೆ ನೋಡಿದೆ. ಅಜ್ಜಿ ವಾಕರ್ ಹಿಡಿದು ನನ್ನನ್ನೇ ದುರುಗುಟ್ಟಿಕೊಂಡು ನಿಂತಿದ್ದರು.

“ಮೇಡಂ, ಅಜ್ಜಿ ಹೇಳಿದ್ದು ಪೂರ್ತಿ ಸುಳ್ಳಲ್ಲ,” ಎಂದೆ. “ಗಂಜಿ ಬೇಯಿಸಲೂ ಬರುವುದಿಲ್ಲ ಅವಳಿಗೆ.”