ಬಂದ ದಾರಿ ಮತ್ತು ಮಹಡಿ ಮನೆ

ಹೊಸಬರನ್ನು ಕಂಡರೆ ಹೆಸರಿಗಿಂತ ಮೊದಲು ಊರು ಕೇಳುವ ಚಾಳಿ ನನಗಿದೆ. ಇದನ್ನು ನಾನು ಸಂಶೋಧನೆ ಎನ್ನುತ್ತೇನೆ, ಹೆಂಡತಿ ಸರೋಜ ಅಧಿಕಪ್ರಸಂಗ ಎನ್ನುತ್ತಾಳೆ. ನನ್ನ ಸಿದ್ಧಾಂತ ಇಷ್ಟೇ: ಮೈಸೂರಿಗೆ ಬಂದವರು ತಾವು ಬಂದ ದಾರಿಯ ಬದಿಯಲ್ಲೇ ನೆಲೆಸುತ್ತಾರೆ. ಕೊಡಗಿನವರು ಹುಣಸೂರು ರಸ್ತೆಯ ಕಡೆ, ಗುಂಡ್ಲುಪೇಟೆಯವರು ನಂಜನಗೂಡು ರಸ್ತೆಯ ಕಡೆ. ಹಬ್ಬಕ್ಕೆ ಊರಿಗೆ ಹೊರಟರೆ ಪೇಟೆಯ ಟ್ರಾಫಿಕ್ ದಾಟುವ ಗೋಜಿಲ್ಲ ನೋಡಿ. ಕಾಡು, ಹೊಳೆ ನೋಡಿಕೊಂಡು ರಸ್ತೆ ಹುಟ್ಟಿತು, ರಸ್ತೆ ನೋಡಿಕೊಂಡು ಬಡಾವಣೆ ಹುಟ್ಟಿತು. ನಾನು ಮಾತ್ರ ಎಲ್ಲಿಂದಲೂ ಬಂದವನಲ್ಲ, ಅಸಲಿ ಮೈಸೂರಿನವನು ಎಂದು ಕೊನೆಗೊಂದು ಮಾತು ಸೇರಿಸದಿದ್ದರೆ ನನಗೆ ಸಮಾಧಾನವಿಲ್ಲ.

ಈ ಸಂಶೋಧನೆಯಿಂದಾಗಿ ಶ್ರೀರಾಂಪುರದ ನಮ್ಮ ಮನೆಯ ಮಹಡಿ ಯುಗಾದಿಯಿಂದ ಖಾಲಿ ಬಿದ್ದಿತ್ತು. ಬಾಡಿಗೆಗೆ ಬಂದವರು ನೀರಿನ ವಿಷಯ ಕೇಳಿದರೆ ನಾನು ಅವರ ತಾತನ ಊರು ಕೇಳುತ್ತಿದ್ದೆ. ರಾಜೀವನಗರದಿಂದ ಬಂದ ದಂಪತಿ, "ನಾವು ಮನೆ ನೋಡಕ್ಕೆ ಬಂದಿದ್ದು ಸಾರ್, ಸಂಬಂಧ ಬೆಳೆಸಕ್ಕಲ್ಲ" ಎಂದು ಹೊರಟೇಹೋದರು. ಅಂದು ಸರೋಜ ಜಗಳವಾಡಲಿಲ್ಲ. "ಇಬ್ರೇ ಇರೋ ಮನೆ. ಮೇಲೆ ಹೆಜ್ಜೆ ಸದ್ದಿದ್ರೆ ನಂಗೊಂದು ಧೈರ್ಯ ಕಣ್ರೀ. ಇನ್ನೊಬ್ರನ್ನ ಓಡಿಸ್ಬುಟ್ರೆ ನಾನೇ ಮೇಲೆ ಹೋಗಿ ಇದ್ಬುಡ್ತೀನಿ" ಎಂದಳು. ಅವಳ ದನಿ ಕೇಳಿ ನನಗೆ ನಿಜಕ್ಕೂ ಭಯವಾಯಿತು.

ಮರುವಾರ ಬಂದವರು ಬೀನಾ ಎಂಬ ಟೀಚರು. ಕಾಫಿ ಮುಗಿಯುವವರೆಗೂ ಹೇಗೋ ಬಾಯಿ ಬಿಗಿಹಿಡಿದಿದ್ದೆ. ಆಮೇಲೆ ತಡೆಯಲಾಗಲಿಲ್ಲ.

"ಯಾವ ಕಡೆಯವರಮ್ಮ?"

"ಮಾನಂದವಾಡಿ ಹತ್ತಿರ ಸಾರ್."

ನಮ್ಮ ಮನೆ ಇರುವುದೇ ಮಾನಂದವಾಡಿ ರಸ್ತೆಯ ಪಕ್ಕ. ಸಿದ್ಧಾಂತ ಗೆದ್ದ ಖುಷಿಯಲ್ಲಿ, "ನಮ್ಮ ಮನೆದೇವರೂ ಆ ಕಡೆಯೇ. ಕಾಡು ದಾಟಿದ ಮೇಲೆ ಹೊಳೆದಂಡೆಯಲ್ಲಿ, ಮೂಗು ಮುರಿದ ಕಲ್ಲುಬಸವ ಇರುವ ಗುಡಿ" ಎಂದುಬಿಟ್ಟೆ.

ಅವರು ಲೋಟ ಕೆಳಗಿಟ್ಟರು. "ಅದು ನಮ್ಮನೆ ಹಿಂದೇನೇ ಸಾರ್. ಹಿಂದೆ ನಮ್ಮೂರು ಬಿಟ್ಟು ಮೈಸೂರು ಸೇರಿದ ಮನೆತನದವರು ವರ್ಷಕ್ಕೊಂದ್ಸಲ ಬಂದು ಪೂಜೆ ಮಾಡಿಸ್ತಾರೆ. ಹಾಗಾದ್ರೆ ನೀವೂ ನಮ್ಮೂರಿನವರೇ ಅಲ್ವಾ?"

ವರ್ಷವರ್ಷವೂ ಬುತ್ತಿ ಕಟ್ಟಿಕೊಂಡು ಆ ಗುಡಿಗೆ ಹೋಗಿದ್ದೇನೆ. ದೇವರು ಅಷ್ಟು ದೂರ ಏಕಿದ್ದಾನೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಅಲ್ಲಿ ಅವನಿಗೆ ತಂಪಾಗಿರಬೇಕು ಅಂದುಕೊಂಡಿದ್ದೆ. ನನ್ನ ತಾತನ ತಾತನೂ ಬಂದ ದಾರಿಯ ಬದಿಯಲ್ಲೇ ಕೂತುಬಿಟ್ಟಿದ್ದ. ಸರೋಜ ಆಗಲೇ ಮಹಡಿಯ ಬೀಗದ ಕೈ ತರಲು ಎದ್ದಿದ್ದಳು.

ಈಗ ಮೇಲೆ ಹೆಜ್ಜೆ ಸದ್ದಿದೆ, ಕೆಳಗೆ ಸರೋಜಳ ನಗುವಿದೆ. ಮೊನ್ನೆ ಎದುರುಮನೆಗೆ ಹೊಸದಾಗಿ ಬಂದ ಹೆಂಗಸು ಗೇಟಿನ ಬಳಿ ನನ್ನನ್ನು ನೋಡಿ, "ನಿಮ್ಮ ಯಜಮಾನ್ರು ಯಾವ ಕಡೆಯವ್ರು?" ಎಂದು ಸರೋಜಳನ್ನು ಕೇಳಿದರು. ಅಸಲಿ ಮೈಸೂರು ಎನ್ನಲು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳು ಹೇಳಿಯಾಗಿತ್ತು:

"ಇವ್ರಾ? ನಮ್ಮ ಮಹಡೀಲಿ ಬಾಡಿಗೆಗಿರೋ ಟೀಚರ್ ಊರಿನವ್ರು ಕಣ್ರೀ."